ಗಾಲ್ಫ್ ಲಾಂಚ್ ಮಾನಿಟರ್

ಗಾಲ್ಫ್ ಲಾಂಚ್ ಮಾನಿಟರ್ ಎಂಬುದು ಹೊಡೆದ ಚೆಂಡಿನ ವೇಗ, ಮೇಲೇಳುವ ಕೋನ, ದಿಕ್ಕು ಮೊದಲಾದವುಗಳನ್ನು ದಾಖಲಿಸುವ ವಿದ್ಯುನ್ಮಾನ ಸಾಧನ. ಇದರ ಚಿಕ್ಕ ಮಾದರಿಗಳು ಮನೆಯಲ್ಲಿ ಬಲೆ ಕಟ್ಟಿ ಅಭ್ಯಾಸ ಮಾಡುವವರಿಗೆ ಉಪಯುಕ್ತವಾಗಿವೆ.

ವಿಧಗಳು

ಡಾಪ್ಲರ್ ರೇಡಾರ್ ಆಧಾರಿತ ಸಾಧನವನ್ನು ಸಾಮಾನ್ಯವಾಗಿ ಚೆಂಡಿನ ಹಿಂದೆ ಸುಮಾರು 2 ಮೀಟರ್ ದೂರದಲ್ಲಿ ಇಡಲಾಗುತ್ತದೆ. ಚೆಂಡು ಬಲೆಗೆ ತಾಗುವ ಮುನ್ನ ಇನ್ನೂ ಸುಮಾರು 2.5 ಮೀಟರ್ ಹಾರಬೇಕಾಗುತ್ತದೆ. ಕ್ಯಾಮೆರಾ ಆಧಾರಿತ ಸಾಧನಗಳು ಬಹುಮಟ್ಟಿಗೆ ಚೆಂಡಿನ ಪಕ್ಕದಲ್ಲಿರುವುದರಿಂದ ಅವುಗಳಿಗೆ ಕಡಿಮೆ ಜಾಗ ಸಾಕು.

ಆಯ್ಕೆ

ಬಲೆಯು ಚೆಂಡನ್ನು ತಡೆಯುವುದರಿಂದ ಪರದೆಯಲ್ಲಿ ಕಾಣುವ ದೂರವು ಅಳತೆಯಲ್ಲ, ಲೆಕ್ಕಾಚಾರ. ಚೆಂಡಿನ ತಿರುಗುವಿಕೆಯನ್ನು (ಸ್ಪಿನ್) ಸಾಧನವು ನೇರವಾಗಿ ಅಳೆಯದೆ ಅಂದಾಜಿಸಿದರೆ ಈ ದೂರವೂ ತಪ್ಪಬಹುದು. ಆದ್ದರಿಂದ ಲಭ್ಯ ಜಾಗ ಮತ್ತು ಮಾಪನ ವಿಧಾನ ಆಯ್ಕೆಯ ಮುಖ್ಯ ಅಂಶಗಳು. ಫಲಿತಾಂಶವನ್ನು ಮೈದಾನದಲ್ಲಿ ಹೋಲಿಸಿ ನೋಡುವುದು ಸೂಕ್ತ. ಶ್ರೀರಂಗಪಟ್ಟಣಕ್ಕೆ ಸಮೀಪದ ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ.