ಕಣ್ಣಿನ ಪಾಪೆ ಹೇಳಿದ್ದು

2018ರ ಡಿಸೆಂಬರ್ 14. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್‌ಗುತ್ತಿ ಮಾರಮ್ಮನ ಪ್ರಸಾದ ತಿಂದವರು ಒಬ್ಬೊಬ್ಬರಾಗಿ ಕುಸಿದರು. ಬರೀ ವಾಂತಿ ನೋಡಿದ್ರೆ ‘ಅನ್ನ ಹಳಸಿತ್ತೇನೋ’ ಅನ್ಸತ್ತೆ. ಆದರೆ ಪಾಪೆ ಸೂಜಿಮೊನೆಯಷ್ಟಾಗಿ, ಜೊಲ್ಲು, ಬೆವರು ಸುರಿದರೆ ಅದು ಕೀಟನಾಶಕದ ಗುರುತು. ಮದ್ದು ಅಟ್ರೋಪಿನ್.

ಎಷ್ಟು ಕೊಡಬೇಕು? ಚೀಟಿಯಲ್ಲಿ ಒಮ್ಮೆ ಬರೆದರೆ ಮುಗಿಯೋದಿಲ್ಲ. ಹಾಸಿಗೆ ಪಕ್ಕದ ನರ್ಸ್ ಮತ್ತೆ ಮತ್ತೆ ನಾಡಿ ಎಣಿಸಬೇಕು, ಎದೆಯ ಗೊರಗೊರ ನಿಂತಿತಾ ಕೇಳಬೇಕು, ಡಾಕ್ಟರಿಗೆ ತಕ್ಷಣ ಹೇಳಬೇಕು. ಕಡಿಮೆಯಾದರೆ ಶ್ವಾಸಕೋಶದಲ್ಲಿ ನೀರು. ಹೆಚ್ಚಾದರೆ ಜ್ವರ, ಬಡಬಡಿಕೆ.

ಸುಳ್ವಾಡಿಯಲ್ಲಿ 17 ಜನ ಸತ್ತರು. ಅಸ್ವಸ್ಥರಾದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ ಉಳಿದರು. ನಮಗೆ ನೆನಪಿರೋದು ವಿಷ ಬೆರೆಸಿದ ಸುದ್ದಿ ಮಾತ್ರ. ಇಂಥ ರಾತ್ರಿಗಳಲ್ಲಿ ನಿದ್ದೆಗೆಟ್ಟು ಪಾಪೆ ನೋಡುವವರೂ ಆ ಇತಿಹಾಸದಲ್ಲಿ ಇರಬೇಕಲ್ಲವೇ?