ಮೈಲಿಗಲ್ಲಿಗೆ ಮೈಲಿಗೆಯಿಲ್ಲ

ಕೃಷ್ಣರಾಜನಗರದಿಂದ ಮೈಸೂರಿಗೆ ಸುಮಾರು 40 ಕಿಲೋಮೀಟರ್. ಬಸ್ಸಿಗೆ ಕಾಸಿಲ್ಲದ ನಮ್ಮ ಹಿರಿಯರು ಕೂಲಿಗೂ ಕೋರ್ಟಿಗೂ ಈ ದಾರಿಯನ್ನು ನಡೆದೇ ಸವೆಸಿದವರು. ಕಾಲು ಸೋತಾಗ ಮೈಲಿಗಲ್ಲಿನ ಮೇಲೆ ಕೂರುತ್ತಿದ್ದರು. ಊರಿನ ಜಗಲಿಗೆ ಮೈಲಿಗೆ ಇತ್ತು, ಮೈಲಿಗಲ್ಲಿಗೆ ಇರಲಿಲ್ಲ. ಇವತ್ತು ಅದೇ ದಾರಿಯಲ್ಲಿ ನಾವು ಇನ್ನೊಂದು ಚರಿತ್ರೆಯನ್ನು ನಡೆದು ನೋಡೋಣ.

ಚರಿತ್ರೆ ಅಂದರೆ ರಾಜರ ಪಟ್ಟಿ ಅಂತ ನಮಗೆ ಕಲಿಸಿದರು. ಆ ಪಟ್ಟಿಯಲ್ಲಿ ನಾವಿಲ್ಲ. ಅದಕ್ಕೇ ಪಟ್ಟಿಗಿಂತ ಹಿಂದಕ್ಕೆ ಹೋಗಬೇಕು. ಭೂಮಿಗೆ ಈಗ ಸುಮಾರು 454 ಕೋಟಿ ವರ್ಷ. ಅಷ್ಟೂ ವಯಸ್ಸನ್ನು ಈ 40 ಕಿಲೋಮೀಟರಿನ ಮೇಲೆ ಹಾಸಿದರೆ ಒಂದೊಂದು ಕಿಲೋಮೀಟರಿಗೆ 11 ಕೋಟಿ ವರ್ಷ ಚಿಲ್ಲರೆ. ಕೆ.ಆರ್. ನಗರದಲ್ಲಿ ಭೂಮಿ ಹುಟ್ಟಿತು ಅಂತಿಟ್ಟುಕೊಳ್ಳಿ. ಮೈಸೂರು ಮುಟ್ಟಿದರೆ ಇವತ್ತು.

ಒಂಬತ್ತು ಕಿಲೋಮೀಟರ್ ಕಳೆಯುವಷ್ಟರಲ್ಲಿ ಜೀವ ಬಂದಿದೆ. ಸುಮಾರು 350 ಕೋಟಿ ವರ್ಷದ ಹಿಂದಿನ ಅದರ ಗುರುತು ಆಸ್ಟ್ರೇಲಿಯಾದ ಬಂಡೆಗಳಲ್ಲಿದೆ. ನಮ್ಮ ಕಡೆಯ ಕಲ್ಲೂ ಎಳಸಲ್ಲ. ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ಹೆಸರನ್ನೇ ಭೂವಿಜ್ಞಾನಿಗಳು ಒಂದು ಶಿಲಾಸಮೂಹಕ್ಕೆ ಇಟ್ಟಿದ್ದಾರೆ. ಅದು 300 ಕೋಟಿ ವರ್ಷಕ್ಕೂ ಹಳೆಯದು. ನೀರಿನ ತಳದಲ್ಲಿ ಮರಳಾಗಿ, ಸುಣ್ಣವಾಗಿ ಕೂತು ಆಮೇಲೆ ಕಲ್ಲಾದ ಪದರಗಳು ಅದರಲ್ಲಿವೆ. ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕು ಅವುಗಳ ರೂಪವೇ ಬದಲಾಗಿರೋದರಿಂದ ಅಲ್ಲಿ ಜೀವದ ಅಚ್ಚು ಹುಡುಕೋದು ಕಷ್ಟ. ಚಿತ್ರದುರ್ಗ, ತುಮಕೂರು ಕಡೆಯ ಮಾರಿಕಣಿವೆ, ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಅಂಥ ಅಚ್ಚು ಉಳಿದಿದೆ. ಕಣ್ಣಿಗೆ ಕಾಣದ ಜೀವಿಗಳು ಪದರದ ಮೇಲೆ ಪದರ ಕಟ್ಟಿದ ಸ್ಟ್ರೊಮಾಟೊಲೈಟ್ ಅದು. 250 ಕೋಟಿಗೂ ಹೆಚ್ಚು ವರ್ಷದ್ದು.

ಇಂಥ ಪದರ ಕಟ್ಟಿದವರಲ್ಲಿ ಮುಖ್ಯರು ಯಾರು? ನೀಲಿ-ಹಸಿರು ಪಾಚಿ ಅಂತ ಮೇಷ್ಟ್ರು ಹೇಳಿಕೊಡುವ ಬ್ಯಾಕ್ಟೀರಿಯಾ. ಬಿಸಿಲನ್ನು ಉಂಡು, ನೀರನ್ನು ಒಡೆದು, ಆಮ್ಲಜನಕವನ್ನು ಬಿಟ್ಟವು. ಹತ್ತೊಂಬತ್ತನೇ ಕಿಲೋಮೀಟರಿನ ಹತ್ತಿರ, ಅಂದರೆ ಸುಮಾರು 240 ಕೋಟಿ ವರ್ಷದ ಹಿಂದೆ, ಅದು ಗಾಳಿಯಲ್ಲಿ ಕೂಡಿಕೊಳ್ಳೋಕೆ ಶುರುವಾಯಿತು. ಕೆರೆ ಮುಟ್ಟಬೇಡಿ ಅಂತ ಅಟ್ಟಿದವರೂ, ಅಟ್ಟಿಸಿಕೊಂಡ ನಾವೂ ಉಸಿರಾಡೋದು ಆ ಕೆರೆಯ ಪಾಚಿಯ ಪೂರ್ವಿಕರು ಶುರುಮಾಡಿಕೊಟ್ಟ ಗಾಳಿಯನ್ನೇ.

ಇಪ್ಪತ್ತೈದು ಕಿಲೋಮೀಟರ್ ದಾಟುವ ಹೊತ್ತಿಗೆ ಇನ್ನೊಂದು ದೊಡ್ಡ ಸಂಗತಿ ನಡೆದುಹೋಗಿದೆ. ಒಂದು ಕೋಶ ಇನ್ನೊಂದನ್ನು ಒಳಗೆ ಎಳೆದುಕೊಂಡಿತು, ಅರಗಿಸಿಕೊಳ್ಳಲಿಲ್ಲ. ಎರಡೂ ಕೂಡಿ ಬಾಳಿದವು. ನಮ್ಮ ಕೋಶಗಳಿಗೆ ಕಸುವು ಕೊಡುವ ಮೈಟೋಕಾಂಡ್ರಿಯ ಹೀಗೆ ಒಳಬಂದ ನೆಂಟ. ಲಿನ್ ಮಾರ್ಗುಲಿಸ್ ಎಂಬ ಹೆಣ್ಣುಮಗಳು ಈ ಮಾತು ಬರೆದಾಗ ಹಲವು ಪತ್ರಿಕೆಗಳು ತಿರಸ್ಕರಿಸಿದವು. 1967ರಲ್ಲಿ ಅದು ಅಚ್ಚಾಯಿತು. ಇವತ್ತು ಅದೇ ಪಾಠ.

ಮೂವತ್ತೈದರ ಹೊತ್ತಿಗೆ ಕಡಲಿನಲ್ಲಿ ಪ್ರಾಣಿಗಳು. ಮೂವತ್ತಾರಕ್ಕೆ ನೆಲದ ಮೇಲೆ ಹಸಿರು. ಮೂವತ್ತೇಳರ ಹತ್ತಿರ ಮೀನಿನ ಕುಲದಿಂದ ನಾಲ್ಕು ಕಾಲಿನವು ದಡ ಹತ್ತಿದವು. ಮೈಸೂರಿಗೆ ಇನ್ನು 600 ಮೀಟರ್ ಇರುವಾಗ, 6.6 ಕೋಟಿ ವರ್ಷದ ಹಿಂದೆ, ಮೆಕ್ಸಿಕೋದ ಕಡೆ ಆಕಾಶದ ಬಂಡೆ ಬಿದ್ದು ಡೈನೋಸಾರುಗಳು ಅಳಿದವು. ಅದೇ ಕಾಲದಲ್ಲಿ ದಖ್ಖನ್ ಮೇಲೆ ಹರಿದ ಲಾವಾವೇ ಬೆಳಗಾವಿ, ವಿಜಯಪುರ, ಕಲಬುರಗಿಯ ಕರಿಕಲ್ಲು. ಕೊನೆಗೆ ಹತ್ತು ಮೀಟರ್ ಉಳಿದಾಗ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಯಾರೋ ಕಲ್ಲು ಒಡೆದು ಕೈಗೊಡಲಿ ಮಾಡ್ತಾ ಕೂತಿದ್ದಾರೆ. ಸುಮಾರು 12 ಲಕ್ಷ ವರ್ಷದ ಹಿಂದಿನ ಆ ಕಲ್ಲುಕುಟಿಗರು ನಮಗಿಂತ ಮುಂಚಿನ ಮನುಷ್ಯಕುಲ. ಇಂದಿನ ಮನುಷ್ಯ ಆಫ್ರಿಕಾದಲ್ಲಿ ಹುಟ್ಟಿ ಸುಮಾರು 3 ಲಕ್ಷ ವರ್ಷ. ನಮ್ಮ ದಾರಿಯಲ್ಲಿ ಅದು ಎರಡೂವರೆ ಮೀಟರ್, ಮೂರು ಹೆಜ್ಜೆ.

ಹಾಗಾದರೆ ಬಾಯಿಂದ ಒಬ್ಬ, ತೋಳಿಂದ ಒಬ್ಬ, ತೊಡೆಯಿಂದ ಒಬ್ಬ, ಪಾದದಿಂದ ಒಬ್ಬ ಹುಟ್ಟಿದ ಅನ್ನುವ ಪುರುಷಸೂಕ್ತ ಎಲ್ಲಿದೆ? ಅದಕ್ಕೆ ಸುಮಾರು 3,000 ವರ್ಷ. ಈ 40 ಕಿಲೋಮೀಟರಿನಲ್ಲಿ ಒಂದೇ ಒಂದು ಇಂಚು. ಆ ಇಂಚಿನ ಕಥೆಯಲ್ಲಿ ಪಂಚಮನಿಗೆ ಪಾದವೂ ಸಿಗಲಿಲ್ಲ.

ತಮ್ಮೊಳಗೇ ಮದುವೆ ಮಾಡಿಕೊಳ್ಳುವ ಕಟ್ಟೇ ಜಾತಿಯ ಬೇರು ಅಂತ ಅಂಬೇಡ್ಕರ್ 1916ರಲ್ಲೇ ತೋರಿಸಿದರು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಡಿಎನ್‌ಎಯನ್ನು ಓದಿತು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಬೆರೆಯುತ್ತಲೇ ಇದ್ದರು. ಬಾಗಿಲು ಮುಚ್ಚಿದ್ದು ಆಮೇಲೆ. ಮುಚ್ಚಿದ್ದು ಮನುಷ್ಯರು. ತೆರೆಯಬೇಕಾದವರೂ ಮನುಷ್ಯರೇ.

ಒಂದು ಎಚ್ಚರ. ವಿಕಾಸವೂ ಏಣಿಯೇ, ಬಲಿಷ್ಠ ಮೇಲೆ, ದುರ್ಬಲ ಕೆಳಗೆ ಅಂತ ಹೇಳುವವರಿದ್ದಾರೆ. ಅದು ಮನುವಿನ ಹೊಸ ವೇಷ. 1859ರಲ್ಲಿ ಡಾರ್ವಿನ್ ಹೇಳಿದ್ದು ಕೊಂಬೆ ಒಡೆಯುವ ಮರದ ಕಥೆ. ಪಾಚಿ ಇವತ್ತಿಗೂ ಬದುಕಿದೆ. ಅದೂ ನಮ್ಮಷ್ಟೇ ದೂರ ನಡೆದು ಬಂದಿದೆ.

ಇಂಥ ಪಾಠವನ್ನು ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ತೆಗೆದು, 2023ರಲ್ಲಿ ಪಾಠವಿಲ್ಲದ ಪುಸ್ತಕವನ್ನೇ ಮಕ್ಕಳ ಕೈಗಿಟ್ಟಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಹತ್ತನೆಯದಕ್ಕೇ ಓದು ನಿಲ್ಲಿಸಿ ಕೂಲಿಗೆ ಹೋಗುವ ಮಕ್ಕಳು ಯಾರ ಮನೆಯವರು ಅಂತ ನಾವು ಬಿಡಿಸಿ ಹೇಳಬೇಕೆ?

ಹಳ್ಳಿ ಮೇಷ್ಟ್ರುಗಳೇ, ಪುಸ್ತಕಕ್ಕೆ ಕಾಯಬೇಡಿ. ನಾಲ್ಕೂವರೆ ಮೀಟರ್ ಹಗ್ಗ ತನ್ನಿ. ಒಂದು ಸೆಂಟಿಮೀಟರಿಗೆ ಒಂದು ಕೋಟಿ ವರ್ಷ. ಶಾಲೆಯ ಅಂಗಳದಲ್ಲಿ ಹಾಸಿ, ಮಕ್ಕಳ ಕೈಯಲ್ಲೇ ಗಂಟು ಹಾಕಿಸಿ. ಕೊನೆಯಲ್ಲಿ ಇಡೀ ಮನುಷ್ಯಕುಲ ಒಂದು ನೂಲಿನೆಳೆಯಷ್ಟು ಉಳಿಯುತ್ತೆ. ಆ ಎಳೆಯೊಳಗೆ ಮೇಲುಜಾತಿ ಎಲ್ಲಿದೆ ತೋರಿಸ್ರೋ ಅಂತ ಕೇಳಿ.