ಮಗುಚಿ ತಟ್ಟದ ಕೊಳಗ

ನಮ್ಮ ಕಡೆ ಭತ್ತ ಅಳೆಯುವವರು ಮೊದಲು ಕೊಳಗವನ್ನು ಮಗುಚಿ ತಳಕ್ಕೊಂದು ಏಟು ತಟ್ಟುತ್ತಿದ್ದರು. ಹಿಂದಿನ ಕಾಳು ಒಳಗೇ ಉಳಿದಿದ್ದರೆ ಹೊಸ ಲೆಕ್ಕ ತಪ್ಪುತ್ತದೆ. ಕಂಪ್ಯೂಟರ್ ಭಾಷೆಗಳ ಚರಿತ್ರೆಯಲ್ಲಿ ಇಷ್ಟು ಸಣ್ಣ ಶಿಸ್ತಿನ ಚರ್ಚೆ ಅರ್ಧ ಶತಮಾನ ದಾಟಿದರೂ ಮುಗಿದಿಲ್ಲ.

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದರು. ಆಗಿನ ಯಂತ್ರಗಳ ನೆನಪು ಚಿಕ್ಕದು, ವೇಗ ಕಡಿಮೆ. ಹಾಗಾಗಿ ಫಂಕ್ಷನ್ನಿನೊಳಗೆ ಹುಟ್ಟುವ ವೇರಿಯಬಲ್‌ಗೆ ಮೊದಲ ಬೆಲೆ ಕೊಡುವ ಕೆಲಸವನ್ನು ಭಾಷೆ ಮಾಡದೆ, ಬರೆಯುವವರಿಗೇ ಬಿಟ್ಟಿತು. ಕೊಡದಿದ್ದರೆ ಆ ಜಾಗದಲ್ಲಿ ಹಿಂದಿನವರು ಬಿಟ್ಟುಹೋದದ್ದೇ ಬೆಲೆ. 1989ರ ಅಮೆರಿಕನ್ ಮಾನಕವೂ ಅದನ್ನು ‘ಅನಿಶ್ಚಿತ’ ಎಂದಷ್ಟೇ ಕರೆಯಿತು.

ತೊಡಕು ಇಲ್ಲಿಂದ ಶುರು. ಒಂದು ಕಂಪೈಲರ್‌ನಲ್ಲಿ ಆ ಜಾಗ ಆಕಸ್ಮಿಕವಾಗಿ ಸೊನ್ನೆಯಾಗಿರಬಹುದು, ಇನ್ನೊಂದರಲ್ಲಿ ಕಸವಿರಬಹುದು. ಅಡಿಕೆ ತೂಕದ ಲೆಕ್ಕ ಬರೆಯುವ ತಂತ್ರಾಂಶವೊಂದು ರಿಪೇರಿಗೆಂದು ನನ್ನ ಕೈಗೆ ಬಂದಿತ್ತು. ಹಳೆಯ ಕಂಪೈಲರ್‌ನಲ್ಲಿ ವರ್ಷಗಟ್ಟಲೆ ಸರಿಯಿದ್ದ ಮೊತ್ತ ಹೊಸದರಲ್ಲಿ ತಲೆಕೆಳಗಾಗಿತ್ತು. ಎಲ್ಲರೂ ಹೊಸ ಕಂಪೈಲರನ್ನು ಬೈದರು. ನಿಜದಲ್ಲಿ ತಪ್ಪು ಮೊದಲಿನಿಂದಲೂ ಅಲ್ಲೇ ಇತ್ತು. ಹಳೆಯದು ಅದನ್ನು ಮುಚ್ಚಿಟ್ಟಿತ್ತು. ಬೆಳೆಗಾರನ ಕೈಗೆ ಹೋಗುವ ಪಟ್ಟಿ ಇಷ್ಟು ದಿನ ಅದೃಷ್ಟದ ಮೇಲೆ ನಿಂತಿತ್ತು.

1985ರಲ್ಲಿ ಹೊರಬಂದ ಸಿ++ ಇನ್ನೊಂದು ಗಂಟು ಸೇರಿಸಿತು: ಹುಟ್ಟುವ ಸರದಿ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಸಾಗರ ತಾಲ್ಲೂಕಿನ ಲಿಂಗನಮಕ್ಕಿ, ಜೋಗಕ್ಕೆ ಬರುತ್ತಾಳೆ. ಈ ಸರದಿಯನ್ನು ನೆಲದ ಇಳಿಜಾರೇ ಗೊತ್ತುಮಾಡಿದೆ. ಸಿ++ನ ಒಂದೇ ಕಡತದೊಳಗೂ ಹೀಗೆ ಮೇಲಿನಿಂದ ಕೆಳಕ್ಕೆ ಸರದಿಯಿದೆ. ಬೇರೆ ಬೇರೆ ಕಡತಗಳ ಜಾಗತಿಕ ವಸ್ತುಗಳ ನಡುವೆ ಮಾತ್ರ ಅಂಥ ಇಳಿಜಾರಿಲ್ಲ. ‘ಸಾಗರ’ದ ಕಡತ ಕಣ್ಣು ಬಿಟ್ಟಾಗ ‘ತೀರ್ಥಹಳ್ಳಿ’ಯ ಕಡತದ ವಸ್ತು ಇನ್ನೂ ಹುಟ್ಟಿರದೆ ಇರಬಹುದು. ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ವಸ್ತುವನ್ನು ಫಂಕ್ಷನ್ನಿನೊಳಗೆ ಇಡುವುದು. ಮೊದಲ ಸಲ ಕೇಳಿದಾಗಲೇ ಅದು ಹುಟ್ಟುತ್ತದೆ. ಏಕಕಾಲಕ್ಕೆ ಹಲವರು ಕೇಳಿದರೂ ಒಂದೇ ಸಲ ಹುಟ್ಟುವ ಖಾತರಿಯನ್ನು 2011ರ ಮಾನಕ ಕೊಟ್ಟಿತು.

ರಿಪೇರಿಯೇ ಅನಾಹುತವಾದದ್ದೂ ಉಂಟು. ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು ಬೆಲೆ ಕೊಡದ ಜಾಗವನ್ನು ಓದುತ್ತಿದೆ ಎಂದು ವಾಲ್‌ಗ್ರಿಂಡ್ ಎಂಬ ಪರೀಕ್ಷಾ ಸಾಧನ ಎಚ್ಚರಿಸುತ್ತಿತ್ತು. ಎಚ್ಚರಿಕೆ ನಿಲ್ಲಲೆಂದು 2006ರಲ್ಲಿ ಡೆಬಿಯನ್ ಆವೃತ್ತಿಯಲ್ಲಿ ಎರಡು ಸಾಲು ತೆಗೆದರು. ಅವುಗಳಲ್ಲೊಂದು, ಕೀಲಿಗಳನ್ನು ಊಹೆಗೆ ನಿಲುಕದಂತೆ ಮಾಡುತ್ತಿದ್ದ ಸಾಲು! ಒಂದು ಬಗೆಯ ಕೀಲಿಗೆ ಉಳಿದದ್ದು ಹೆಚ್ಚೆಂದರೆ 32,768 ಸಾಧ್ಯತೆ. 2008ರ ಮೇ ತಿಂಗಳಲ್ಲಿ ಇದು ಬಯಲಾದಾಗ ಲೋಕದಾದ್ಯಂತ ಕೀಲಿಗಳನ್ನು ಹೊಸದಾಗಿ ಮಾಡಿಸಬೇಕಾಯಿತು.

2022ರಲ್ಲಿ ಬಂದ ಜಿಸಿಸಿ 12 ಕಂಪೈಲರ್‌ಗೆ ಹೇಳಿದರೆ ಇಂಥ ಜಾಗಗಳಿಗೆಲ್ಲ ತಾನೇ ಸೊನ್ನೆ ತುಂಬುತ್ತದೆ. ಒಳ್ಳೆಯದೇ. ಆದರೆ ‘ಸೊನ್ನೆ ಕ್ವಿಂಟಾಲ್’ ಎಂಬುದೂ ‘ಇನ್ನೂ ತೂಗಿಲ್ಲ’ ಎಂಬುದೂ ಒಂದೇ ಅಲ್ಲ. ಆ ವ್ಯತ್ಯಾಸ ಯಾವ ಕಂಪೈಲರ್‌ಗೂ ತಿಳಿಯದು. ಅಡಿಕೆ ಬೆಳೆದವನಿಗೆ ಚೆನ್ನಾಗಿ ಗೊತ್ತು. ಮೊದಲ ಬೆಲೆ ಏನೆಂದು ಅವನನ್ನು ಕೇಳಿಯೇ ಬರೆಯಬೇಕು.